ಸತ್ಯಾಂಶ: ಕ್ಯೂಎಲ್‌ಇಡಿ ಮತ್ತು ಓಎಲ್‌ಇಡಿ ಒಂದೇ ಅಲ್ಲ

‘ಕ್ಯೂಎಲ್‌ಇಡಿ, ಓಎಲ್‌ಇಡಿ ಎರಡೂ ಒಂದೇ ತಂತ್ರಜ್ಞಾನ, ಅಗ್ಗವಾದದ್ದನ್ನು ಕೊಳ್ಳಿ’ ಎಂದು ಟಿವಿ ಕೊಳ್ಳುವವರಿಗೆ ಹೇಳುವ ಸಂದೇಶ ಶಿವಮೊಗ್ಗದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಓಎಲ್‌ಇಡಿ ಪರದೆಯಲ್ಲಿ ಪ್ರತಿಯೊಂದು ಪಿಕ್ಸೆಲ್ (ಚಿತ್ರವನ್ನು ರೂಪಿಸುವ ಚುಕ್ಕೆ) ತಾನೇ ಬೆಳಗುತ್ತದೆ ಮತ್ತು ಬೇಕಾದಾಗ ಪೂರ್ತಿಯಾಗಿ ಆರುತ್ತದೆ. ಆದ್ದರಿಂದ ಕಪ್ಪು ನಿಜವಾದ ಕಪ್ಪಾಗಿಯೇ ಕಾಣುತ್ತದೆ. ಕ್ಯೂಎಲ್‌ಇಡಿ ಎಂದು ಮಾರಾಟವಾಗುವುದು ಮೂಲತಃ ಎಲ್‌ಸಿಡಿ, ಅಂದರೆ ತಾನೇ ಬೆಳಗದ ಪರದೆಯೇ. ಅದರ ಹಿಂದೆ ಎಲ್‌ಇಡಿ ದೀಪಗಳಿದ್ದು, ನಡುವೆ ಬಣ್ಣಗಳನ್ನು ಶುದ್ಧಗೊಳಿಸುವ ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ತೆಳುಪದರವಿರುತ್ತದೆ. ಈ ಕಣಗಳ ಆವಿಷ್ಕಾರ ಮತ್ತು ಸಂಶ್ಲೇಷಣೆಗಾಗಿಯೇ 2023ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಪದರವೇನೂ ಬರೀ ಜಾಹೀರಾತಿನ ಮಾತಲ್ಲ. ಆದರೂ ಹಿಂದಿನ ದೀಪದ ಬೆಳಕು ಕಪ್ಪು ಭಾಗಗಳಲ್ಲೂ ಸ್ವಲ್ಪವಾದರೂ ಸೋರುತ್ತದೆ. ಇದೇ ಬಗೆಯ ಮಿನಿ ಎಲ್‌ಇಡಿ ಮಾದರಿಗಳು ದೀಪಗಳನ್ನು ಸಣ್ಣ ವಲಯಗಳಾಗಿ ವಿಂಗಡಿಸಿ, ಕತ್ತಲೆಯ ಭಾಗದ ದೀಪಗಳನ್ನು ಮಾತ್ರ ತಗ್ಗಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತಗ್ಗಿಸುತ್ತವೆ.

ಯಾವುದು ಉತ್ತಮ ಎನ್ನುವುದು ಕೋಣೆಯನ್ನು ಅವಲಂಬಿಸಿದೆ. ತೀರ್ಥಹಳ್ಳಿ, ಹೊಸನಗರದ ಹೆಂಚಿನ ಮನೆಗಳ ಪಡಸಾಲೆಯಲ್ಲಿ, ಅದರಲ್ಲೂ ಆಷಾಢದ ಮಳೆಯಲ್ಲಿ, ಹಗಲಿನಲ್ಲೂ ಮಬ್ಬು ಕವಿದಿರುವುದರಿಂದ ಓಎಲ್‌ಇಡಿಯ ಗುಣ ಚೆನ್ನಾಗಿ ತೋರುತ್ತದೆ. ದೊಡ್ಡ ಕಿಟಕಿಗಳಿರುವ ನಗರದ ಹೊಸ ಮನೆಗಳಿಗೆ ಹೆಚ್ಚು ಪ್ರಖರವಾದ ಮಿನಿ ಎಲ್‌ಇಡಿಯೇ ಸೂಕ್ತವೆಂದು ನನ್ನ ಅಭಿಪ್ರಾಯ. ದಿನವಿಡೀ ಒಂದೇ ಸುದ್ದಿವಾಹಿನಿ ಹಾಕಿಡುವ ಮನೆಯವರು ಇನ್ನೊಂದನ್ನು ಗಮನಿಸಬೇಕು: ಅಲುಗದ ಲಾಂಛನದ ಗುರುತು ವರ್ಷಗಳ ಬಳಕೆಯಲ್ಲಿ ಓಎಲ್‌ಇಡಿ ಪರದೆಯ ಮೇಲೆ ಶಾಶ್ವತವಾಗಿ ಉಳಿಯಬಹುದು. ಅಂಗಡಿಯ ಝಗಮಗ ಬೆಳಕಿನಲ್ಲಿ ಈ ವ್ಯತ್ಯಾಸಗಳು ತಿಳಿಯುವುದಿಲ್ಲವಾದ್ದರಿಂದ, ಸಾಧ್ಯವಾದರೆ ದೀಪ ತಗ್ಗಿಸಿ, ಕತ್ತಲೆಯ ದೃಶ್ಯವೊಂದನ್ನು ಹಾಕಿಸಿ ನೋಡಿ.