ದೌರ್ಬಲ್ಯ ಅಂಟಿಸಿದ ಮಾತ್ರಕ್ಕೆ ಪಾತ್ರ ಜೀವ ತಳೆಯುವುದಿಲ್ಲ

ಕಥೆಯಲ್ಲಿ ಪಾತ್ರಗಳನ್ನು ಕಟ್ಟುವ ಬಗೆಗಿನ ಲೇಖನ ಓದಿದೆ. ನಾಯಕನಿಗೆ ಒಂದೆರಡು ದೌರ್ಬಲ್ಯ ಕೊಟ್ಟರೆ ಪಾತ್ರ ಸಹಜವಾಗುತ್ತದೆ ಎಂಬ ಅದರ ಲೇಖಕರ ಮಾತನ್ನು ಪೂರ್ತಿ ಒಪ್ಪಲಾರೆ. ಕುಡಿತ, ಮುಂಗೋಪಗಳನ್ನು ಯಾರಿಗೆ ಬೇಕಾದರೂ ಅಂಟಿಸಬಹುದು. ಆ ದೌರ್ಬಲ್ಯಕ್ಕೆ ಅವನು ಬೆಲೆ ತೆರಬೇಕು, ಅದನ್ನು ಮುಚ್ಚಿಡಲು ಒದ್ದಾಡಬೇಕು. ಸಾಲದ ವಿಷಯ ಹೆಂಡತಿಯೆದುರು ಬಾಯಿಬಿಡದವನು ಅದೇ ಸಂಜೆ ಗೆಳೆಯ ಕೇಳಿದನೆಂದು ಕೈಯಲ್ಲಿದ್ದ ಹಣವನ್ನೂ ಕೊಟ್ಟುಬಿಟ್ಟರೆ, ಅವನ ಮರ್ಯಾದೆಯ ಭಯ ವಿವರಣೆಯಿಲ್ಲದೆಯೇ ನಮಗೆ ತಟ್ಟುತ್ತದೆ.

ಲೇಖನದಲ್ಲಿ ಸಂಭಾಷಣೆಯ ಬಗ್ಗೆಯೂ ಬರೆಯಬೇಕಿತ್ತು. "ಅಪ್ಪ ಹೇಗಿದ್ದಾರೆ?" ಎಂದು ಕೇಳಿದರೆ "ಮೊದಲು ಆ ಕಿಟಕಿ ಮುಚ್ಚು, ಮಳೆ ಬರುವ ಹಾಗಿದೆ" ಎನ್ನುವ ಮಗಳು ಎಷ್ಟೆಲ್ಲ ಹೇಳಿಬಿಡುತ್ತಾಳೆ! ಎಷ್ಟೋ ಕಥೆಗಳಲ್ಲಿ ಎಲ್ಲರೂ ಮನಸ್ಸಿನಲ್ಲಿರುವುದನ್ನು ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಓದುವವರಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಖಳಪಾತ್ರಗಳಿಗಂತೂ ಇಷ್ಟು ಗಮನವೂ ಸಿಗುವುದಿಲ್ಲ. ದಯವಿಟ್ಟು ಅವುಗಳ ಬಗ್ಗೆ ಇನ್ನೊಂದು ಲೇಖನ ಬರೆಯಿರಿ.