ನಮ್ಮದು ಪುಸ್ತಕ, ಅವರದು ಬೀದಿ

ಬಂಡವಾಳಶಾಹಿ ಮೇಲೋ, ಸಮಾಜವಾದ ಮೇಲೋ? ಈ ಜಗಳಕ್ಕೆ ಇಳಿಯುವವರು ಮೊದಲು ತಕ್ಕಡಿ ಹಿಡಿಯುವ ಕ್ರಮ ಕಲಿಯಬೇಕು. ಬಹಳ ಸುಲಭ. ನಮ್ಮ ತಟ್ಟೆಯಲ್ಲಿ ನಮ್ಮ ಪುಸ್ತಕ ಇಡಬೇಕು. ಎದುರಿನವರ ತಟ್ಟೆಯಲ್ಲಿ ಅವರು ಬೀದಿಯಲ್ಲಿ ಮಾಡಿದ್ದನ್ನೆಲ್ಲ ಇಡಬೇಕು. ಆಮೇಲೆ ನೋಡಿ, ಗೆಲುವು ನಮ್ಮದೇ.

ಸ್ವಾತಂತ್ರ್ಯವನ್ನೇ ತೂಗೋಣ. 1961ರಲ್ಲಿ ಸಮಾಜವಾದಿ ಪೂರ್ವ ಜರ್ಮನಿ ಬರ್ಲಿನ್‌ನಲ್ಲಿ ಗೋಡೆ ಎಬ್ಬಿಸಿತು. ಅದಕ್ಕಿಟ್ಟ ಸರ್ಕಾರಿ ಹೆಸರು 'ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ'. ಹೊರಗಿನ ಶತ್ರು ಒಳಗೆ ನುಗ್ಗಬಾರದಂತೆ. ಕಾವಲುಗಾರರ ಬಂದೂಕು ಮಾತ್ರ ತಮ್ಮವರ ಕಡೆಗೇ ತಿರುಗಿತ್ತು. ಅಷ್ಟರಲ್ಲಾಗಲೇ 25 ಲಕ್ಷಕ್ಕೂ ಜಾಸ್ತಿ ಜನ ಆ ಸ್ವರ್ಗ ಬಿಟ್ಟು ಹೋಗಿದ್ದರು. ಪಾಪ, ಅಷ್ಟೊಂದು ಸುಖ ತಡೆಯಲಾಗಲಿಲ್ಲವೇನೋ.

ಈ ಕಥೆ ಹೇಳಿ ಬಂಡವಾಳಶಾಹಿ ಪಂಡಿತರು ಮೀಸೆ ತಿರುವುತ್ತಾರೆ. 1973ರ ಚಿಲಿ ಎಂದರೆ ಅವರಿಗೆ ಕೆಮ್ಮು ಬರುತ್ತದೆ. ಅಲ್ಲಿ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು, ಸಂಸತ್ತಿಗೆ ಬೀಗ ಹಾಕಿತು, ಆಮೇಲೆ ಮಾರುಕಟ್ಟೆಯನ್ನು ಮುಕ್ತ ಮಾಡಿತು. ಬೆಲೆಗಳಿಗೆ ಬಿಡುಗಡೆ, ಜನಕ್ಕೆ ಜೈಲು.

ನ್ಯಾಯದ ಕಥೆ ಇನ್ನೂ ಸೊಗಸು. ಕಾರ್ಮಿಕರದೇ ದೇಶವಾದ ಸೋವಿಯತ್ ಒಕ್ಕೂಟದಲ್ಲಿ 'ಬೆರ್ಯೋಜ್ಕಾ' ಎಂಬ ಅಂಗಡಿಗಳಿದ್ದವು. ಬೇರೆಲ್ಲೂ ಸಿಗದ ಸಾಮಾನು ಅಲ್ಲಿ ಸಿಗುತ್ತಿತ್ತು. ಆದರೆ ಕಾರ್ಮಿಕ ದುಡಿದ ರೂಬಲ್ ಅಲ್ಲಿ ನಡೆಯುತ್ತಿರಲಿಲ್ಲ.

ಎದುರು ಪಕ್ಷದವರೂ ಕಡಿಮೆ ಇಲ್ಲ. 'ಸರ್ಕಾರ ಕೈ ಹಾಕಬಾರದು, ಸೋತವನು ಮುಳುಗಲಿ' ಎಂದು ದಶಕಗಟ್ಟಲೆ ಪಾಠ ಮಾಡಿದವರು ಇವರು. 2008ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕುಗಳೇ ಮುಳುಗತೊಡಗಿದಾಗ ಎಷ್ಟೋ ಜನ ರಾತ್ರೋರಾತ್ರಿ ಸಮಾಜವಾದಿಗಳಾದರು. ಸರ್ಕಾರ 70,000 ಕೋಟಿ ಡಾಲರ್‌ವರೆಗೆ ಖರ್ಚು ಮಾಡಲು ಅಲ್ಲಿನ ಸಂಸತ್ತು ಒಪ್ಪಿತು. ಸರ್ಕಾರಿ ದುಡ್ಡಿನಿಂದ ಜೀವ ಉಳಿಸಿಕೊಂಡ ಎಐಜಿ ಎಂಬ ವಿಮಾ ಕಂಪನಿ, ಮರುವರ್ಷ ತನ್ನನ್ನು ಮುಳುಗಿಸಿದ ವಿಭಾಗದವರಿಗೇ ಸುಮಾರು 16.5 ಕೋಟಿ ಡಾಲರ್ ಬೋನಸ್ ಹಂಚಿತು. ಒಪ್ಪಂದದಲ್ಲಿ ಬರೆದುಕೊಟ್ಟಾಗಿತ್ತಂತೆ. ಮಾತಿಗೆ ತಪ್ಪಬಾರದು, ಅಲ್ವಾ? ಕಂತು ಕಟ್ಟಲಾಗದೆ ಮನೆ ಕಳೆದುಕೊಂಡವರಿಗೆ ಮಾತ್ರ 'ನಿಮ್ಮ ಕಾಲ ಮೇಲೆ ನೀವು ನಿಲ್ಲಿ' ಎಂಬ ಹಳೇ ಪಾಠವೇ ಗತಿಯಾಯಿತು.

ಇನ್ನು ಸಮೃದ್ಧಿ. ಇಲ್ಲಿ ಇಬ್ಬರೂ ಚೀನಾದ ಕಡೆಗೇ ಕೈ ತೋರಿಸುತ್ತಾರೆ! 1978ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆಯತೊಡಗಿದ ಮೇಲೆ ಅಲ್ಲಿ ಬಡತನದಿಂದ ಮೇಲೆ ಬಂದ ಕೋಟಿಗಟ್ಟಲೆ ಜನರನ್ನು ಒಬ್ಬರು ಆಳುವ ಕಮ್ಯುನಿಸ್ಟ್ ಪಕ್ಷದ ಲೆಕ್ಕಕ್ಕೆ ಬರೆದುಕೊಂಡರೆ, ಇನ್ನೊಬ್ಬರು ಮಾರುಕಟ್ಟೆಯ ಲೆಕ್ಕಕ್ಕೆ. ಅಲ್ಲಿನ ಕೋಟ್ಯಧಿಪತಿಗಳು? 'ಅದು ನಿಜವಾದ ಸಮಾಜವಾದ ಅಲ್ಲ ಬಿಡಿ.' ಅಲ್ಲಿನ ಜೈಲುಗಳು? 'ಅದು ನಿಜವಾದ ಬಂಡವಾಳಶಾಹಿ ಅಲ್ಲ ಬಿಡಿ.'

ಸ್ವೀಡನ್ನಿಗೂ ಇದೇ ಪಾಡು. ಅಲ್ಲಿನ ಸರ್ಕಾರಿ ಆಸ್ಪತ್ರೆ ಇವರದು, ಖಾಸಗಿ ಕಾರ್ಖಾನೆ ಅವರದು. 'ಸರಿ, ಅಲ್ಲಿನಷ್ಟೇ ತೆರಿಗೆಯನ್ನೂ ಕಟ್ಟೋಣ ಬನ್ನಿ' ಎಂದು ಕರೆದು ನೋಡಿ. ಇಬ್ಬರಿಗೂ ಅರ್ಜೆಂಟಾಗಿ ಏನೋ ಕೆಲಸ ನೆನಪಾಗುತ್ತದೆ.