ಒಂದು ಬೆರಳಿನ ವಾದ್ಯವೃಂದ

ಆ ದೃಶ್ಯ ನಿಮಗೆ ಹೊಸದಲ್ಲ. ವೇದಿಕೆಯಲ್ಲಿ ಡ್ರಮ್ಸ್ ಬಡಿಯುತ್ತಿದೆ, ಬೇಸ್ ಗಿಟಾರ್ ಗುಂಯ್‌ಗುಡುತ್ತಿದೆ, ಹತ್ತಿಪ್ಪತ್ತು ಪಿಟೀಲುಗಳು ಒಟ್ಟಿಗೇ ಏರಿ ಇಳಿಯುತ್ತಿವೆ. ನೋಡಿದರೆ ಅಲ್ಲಿರುವುದು ಎಲೆಕ್ಟ್ರಾನಿಕ್ ಕೀಬೋರ್ಡಿನ ಮುಂದೆ ನಿಂತ ಒಬ್ಬನೇ ಆಸಾಮಿ. ಅವನೂ ಎರಡು ಕೈ ಮೇಲೆತ್ತಿ ಜನರನ್ನು ಚಪ್ಪಾಳೆಗೆ ಹುರಿದುಂಬಿಸುತ್ತಿದ್ದಾನೆ. ಸಂಗೀತ ಮಾತ್ರ ನಿಂತಿಲ್ಲ. ನಿರೂಪಕರು ಗದ್ಗದಿತರಾಗಿ "ಇವರೊಬ್ಬರೇ ಒಂದು ಆರ್ಕೆಸ್ಟ್ರಾ" ಎನ್ನುತ್ತಾರೆ. ಬೆರಳು ತೋರಿಸಿದರೆ ಹಸ್ತ ನುಂಗುವವರ ಬಗ್ಗೆ ಕೇಳಿದ್ದೆವು. ಈಗ ಬೆರಳು ತೋರಿಸಿದರೆ ದಂಡೇ ಎದ್ದು ಬರುತ್ತದೆ.

ಕೈ ಎತ್ತಿದರೂ ನಿಲ್ಲದ ಪವಾಡದ ಗುಟ್ಟು ಇಷ್ಟೇ: ಒತ್ತಿ ಬಿಟ್ಟ ಕಾರ್ಡನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪನ್ನು, ಯಂತ್ರ ನೆನಪಿಟ್ಟುಕೊಂಡು, ಇನ್ನೊಂದು ಒತ್ತುವ ತನಕ ಅದನ್ನೇ ಬಾರಿಸುತ್ತಿರುತ್ತದೆ. ನಡುವೆ ಎದ್ದು ಹೋಗಿ ಫೋನ್ ಮಾಡಿ ಬಂದರೂ ಅದಕ್ಕೆ ಬೇಸರವಿಲ್ಲ. ಅಂಥ ತಾಳ್ಮೆ ಯಾವ ತಬಲಾದವನಿಗೂ ಇಲ್ಲ, ಇರಲೂಬಾರದು.

ಇನ್ನು ಒಂದು ಬೆರಳಿನ ವಿದ್ಯೆ. 61 ಕೀಗಳ ಹಲಗೆಯಲ್ಲಿ ಎಡಭಾಗದ ಒಂದು ತುಂಡು ಅಪ್ಪಣೆ ಕೊಡಲಿಕ್ಕೆ, ಉಳಿದದ್ದು ನುಡಿಸಲಿಕ್ಕೆ. ನಡುವಿನ ಗಡಿಗೆ ಸ್ಪ್ಲಿಟ್ ಪಾಯಿಂಟ್ ಎಂದು ಹೆಸರು. ಎಡಗಡೆ ಸಿ ಎಂಬ ಸ್ವರದ ಕೀ ಒಂದನ್ನೇ ಒತ್ತಿದರೆ ಸಿ ಮೇಜರ್ ಎಂಬ ಕಾರ್ಡ್. ಯಮಹಾ ಪದ್ಧತಿಯಲ್ಲಿ ಅದರ ಜೊತೆ ಎಡಕ್ಕಿರುವ ಹತ್ತಿರದ ಕಪ್ಪು ಕೀ ಸೇರಿಸಿದರೆ ಅಳುಮೋರೆಯ ಮೈನರ್, ಹತ್ತಿರದ ಬಿಳಿ ಕೀ ಸೇರಿಸಿದರೆ ಸೆವೆಂತ್, ಎರಡನ್ನೂ ಸೇರಿಸಿದರೆ ಮೈನರ್ ಸೆವೆಂತ್. ಎಷ್ಟು ಸುಲಭ! ಒಂದೇ ತೊಡಕು, ಇದರಲ್ಲಿ ಒಂದೂ ನಿಜವಾದ ಕಾರ್ಡ್ ಅಲ್ಲ. ಸಿ ಸೆವೆಂತ್‌ನಲ್ಲಿ ಇರಬೇಕಾದ ಸ್ವರ ಬಿ ಫ್ಲ್ಯಾಟ್, ಅಂದರೆ ಆ ಕಪ್ಪು ಕೀ; ಬೆರಳು ಒತ್ತುವುದು ಬಿ, ಪಕ್ಕದ ಬಿಳಿ ಕೀ. ಆ ಬಿ ಫ್ಲ್ಯಾಟನ್ನೇ ಒತ್ತಿದಿರೋ, ಸಿ ಮೈನರ್ ಬರುತ್ತದೆ. ಸಿ ಮೈನರ್‌ಗೆ ಬೇಕಾದದ್ದು ಇ ಫ್ಲ್ಯಾಟ್. ಅದನ್ನು ಕೇಳುವವರೇ ಇಲ್ಲ. ಹೀಗೆ ನಾಲ್ಕು ವರ್ಷ ಪಳಗಿದ ಕಲಾವಿದರನ್ನು ಮಾಮೂಲಿ ಪಿಯಾನೊ ಮುಂದೆ ಕೂರಿಸಿ. ಸಿ ಸೆವೆಂತ್ ಎಂದು ಸಿ, ಬಿ ಎರಡನ್ನೂ ಒಟ್ಟಿಗೆ ಒತ್ತುತ್ತಾರೆ, ಬಾಗಿಲಿಗೆ ಬೆರಳು ಸಿಕ್ಕಿದಂತೆ ಕಿರುಚುತ್ತದೆ. ಆಮೇಲೆ "ಪಿಯಾನೊ ಟ್ಯೂನ್ ತಪ್ಪಿದೆ" ಎಂಬ ತೀರ್ಪು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕ್ಯಾಸಿಯೊ ಪದ್ಧತಿ ಇನ್ನೂ ಉದಾರಿ. ಅಲ್ಲಿ ಬಲಕ್ಕೆ ಇನ್ನೊಂದು ಕೀ, ಯಾವುದಾದರೂ ಸರಿ, ತಾಗಿದರೆ ಮೈನರ್. ಎರಡು ತಾಗಿದರೆ ಸೆವೆಂತ್. ಮೂರು ತಾಗಿದರೆ ಮೈನರ್ ಸೆವೆಂತ್. ಹಾಗಾಗಿ ಹುಟ್ಟುಹಬ್ಬದ ಹಾಡಿನ ನಡುವೆ ಕಿರುಬೆರಳಿನ ಪಕ್ಕದ ಬೆರಳು ಜಾರಿದರೆ ಸಾಕು, ಇಡೀ ವಾದ್ಯವೃಂದ ಯಾರೋ ಹೋಗಿಬಿಟ್ಟರೆಂಬಂತೆ ಅಳತೊಡಗುತ್ತದೆ. ಕಲಾವಿದರು ಮುಖ ಗಂಟುಹಾಕಿ ಸ್ಪೀಕರ್ ಕಡೆ ನೋಡುತ್ತಾರೆ. ಸ್ಪೀಕರ್ ಏನು ಮಾಡಿತ್ತು ಪಾಪ.

ಗಡಿ ತಕರಾರು ಬೇರೆಯೇ ಇದೆ. ಹಾಡಿನ ಸಾಲು ಕೆಳಸ್ವರಕ್ಕೆ ಇಳಿದಾಗ ಬಲಗೈ ತಿಳಿಯದೆ ಸ್ಪ್ಲಿಟ್ ಪಾಯಿಂಟ್ ದಾಟುತ್ತದೆ. ಅಲ್ಲಿ ಕಾಲಿಟ್ಟ ಸ್ವರ ಕೇಳಿಸುವುದಿಲ್ಲ. ಅಪ್ಪಣೆ ಎಂದುಕೊಂಡು ಬೇಸ್ ಗಿಟಾರಿನವನು ಹೊಸ ಕಾರ್ಡ್ ಹಿಡಿದು ಓಡುತ್ತಾನೆ. ಗಡಿಯನ್ನು ನಾಲ್ಕೈದು ಕೀ ಎಡಕ್ಕೆ ಸರಿಸಿದರೆ, ಇಲ್ಲವೇ ಹಾಡನ್ನು ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಮೇಲೆ ನುಡಿಸಿದರೆ ಮುಗಿಯಿತು. ಸರಿಸಲು ಕೈಪಿಡಿ ಓದಬೇಕು. ಕೈಪಿಡಿ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಅಟ್ಟದ ಮೇಲಿದೆ.

ಸಿಂಕ್ ಸ್ಟಾರ್ಟ್ ಬಗ್ಗೆಯಂತೂ ಪುರಾಣವನ್ನೇ ಬರೆಯಬಹುದು. ಆ ಬಟನ್ ಒತ್ತಿಟ್ಟರೆ ಯಂತ್ರ ಎಡಗೈಯ ಮೊದಲ ಸ್ಪರ್ಶಕ್ಕೆ ಉಸಿರು ಬಿಗಿಹಿಡಿದು ಕಾಯುತ್ತದೆ. ಸಭೆ ಒಂದು ನಿಮಿಷದ ಮೌನ ಆಚರಿಸುತ್ತಿರುವಾಗ ಯಾರದೋ ಮೊಣಕೈ ಎಡಭಾಗಕ್ಕೆ ತಾಗುತ್ತದೆ, ಡಿಸ್ಕೋ ಶುರು. ಟೆಂಪೋ, ಅಂದರೆ ತಾಳದ ವೇಗ, 120 ಇದ್ದರೆ ಆ ಒಂದು ನಿಮಿಷದಲ್ಲಿ 120 ಮಾತ್ರೆ, ನಾಲ್ಕರ ಲೆಕ್ಕದಲ್ಲಿ 30 ಆವರ್ತ. ಗಾಬರಿಯಲ್ಲಿ ಸ್ಟಾಪ್ ಬದಲು ಫಿಲ್-ಇನ್ ಒತ್ತಿದರೆ ಡ್ರಮ್ಸಿನ ಉರುಳಿಕೆ ಉಚಿತ.

ಮಾತ್ರೆಯ ಲೆಕ್ಕ ಬಂದಾಗ ಇನ್ನೊಂದು. ಮೂರು ಮಾತ್ರೆಯ ಹಾಡಿಗೆ ನಾಲ್ಕರ ಸ್ಟೈಲ್ (ಯಂತ್ರದ ಸಿದ್ಧ ತಾಳ) ಹಾಕುವ ಧೀರರಿದ್ದಾರೆ. ಹಾಡಿನ ಸಮವೂ, ಅಂದರೆ ಮೊದಲ ಮಾತ್ರೆಯೂ, ಡ್ರಮ್ಸಿನ ಸಮವೂ 12 ಮಾತ್ರೆಗೊಮ್ಮೆ ಅಕಸ್ಮಾತ್ ಎದುರಾಗಿ, ಪರಿಚಯವಿಲ್ಲದವರಂತೆ ಹಾದುಹೋಗುತ್ತವೆ. ಏಳು ಮಾತ್ರೆಯದಾದರೆ ಆ ಭೇಟಿಗೆ 28 ಮಾತ್ರೆ ಕಾಯಬೇಕು. ಕೇಳಿದರೆ "ಫ್ಯೂಷನ್" ಎನ್ನುತ್ತಾರೆ.

ಯಂತ್ರವನ್ನು ಬೈಯುತ್ತಿಲ್ಲ, ಗಮನಿಸಿ. ಎಡಗೈ ಬಾರದವರಿಗೆ ಬಟನ್ ಒತ್ತಿದರೆ ಕಾರ್ಡ್ ನುಡಿಸುವ ಆರ್ಗನ್ನನ್ನು ಹ್ಯಾಮಂಡ್ ಕಂಪನಿ 1950ರಲ್ಲೇ ಮಾಡಿತ್ತು. 1981ರ ಕ್ಯಾಸಿಯೊಟೋನ್ ಎಂಟಿ-40 ಎಂಬ ಕೀಬೋರ್ಡಿನಲ್ಲಿ "ರಾಕ್" ಎಂಬ ಒಂದು ತಾಳ ಇತ್ತು. ಅದನ್ನು ರಚಿಸಿದವರು ಒಕುಡಾ ಹಿರೊಕೊ, ಆಗಷ್ಟೇ ಸಂಗೀತ ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ್ದವರು. ಜಮೈಕಾದ ಹುಡುಗರ ಕೈಗೆ ಆ ಪುಟ್ಟ ಪೆಟ್ಟಿಗೆ ಸಿಕ್ಕಿತು. ಅವರು ಆ ತಾಳದ ವೇಗ ತಗ್ಗಿಸಿದರು. ಅದರ ಮೇಲೆ ಹಾಡು ಕಟ್ಟಿದರು. 1985ರಲ್ಲಿ ಅಲ್ಲಿನ ನೃತ್ಯಸಂಗೀತದ ದಾರಿಯೇ ಹೊರಳಿತು, ಆ ಒಂದು ತಾಳದ ಮೇಲೆ ನೂರಾರು ಹಾಡು ಬಂದವು. ಅವರು ಬಳಸಿದ್ದೂ ಬಟನ್ನನ್ನೇ. ಒತ್ತಿದ ಮೇಲೆ ಕಿವಿಗೊಟ್ಟು ಕೇಳಿದರು, ಅಷ್ಟೇ ವ್ಯತ್ಯಾಸ. ನಮ್ಮವರು ಬಂದ ಟೆಂಪೋ ಬಂದಂತೆಯೇ ಸ್ವೀಕರಿಸುವ ಸ್ಥಿತಪ್ರಜ್ಞರು.

ಸಾಕು ಈ ತಮಾಷೆ. ಫಿಂಗರ್ಡ್ ಎಂಬ ಇನ್ನೊಂದು ಮೋಡ್ ಅದೇ ಯಂತ್ರದಲ್ಲಿದೆ. ಅದಕ್ಕೆ ಬೇಕಾದದ್ದು ಮೂರು ಬೆರಳು. ಸಿ-ಇ-ಜಿ ಹಿಡಿಯಿರಿ. ಎಫ್ ಬೇಕೇ? ಸಿ ಮೇಲಿನ ಬೆರಳು ಅಲ್ಲೇ ಇರಲಿ, ಉಳಿದೆರಡು ಎಫ್, ಎ ಕಡೆಗೆ ಒಂದೊಂದು ಬಿಳಿ ಕೀ ಸರಿಯಲಿ. ಜಿ ಬೇಕೇ? ಜಿ ಮೇಲಿನದು ಇರಲಿ, ಉಳಿದೆರಡು ಬಿ, ಡಿ ಕಡೆಗೆ ಒಂದೊಂದು ಕೀ ಎಡಕ್ಕೆ. ಕೈ ಎಲ್ಲಿಯೂ ಹಾರುವುದಿಲ್ಲ. ಸ್ವರ ಯಾವ ಕ್ರಮದಲ್ಲಿದ್ದರೂ ಯಂತ್ರ ಗುರುತು ಹಿಡಿಯುತ್ತದೆ; ಸಿ-ಇ-ಜಿ-ಎ ಥರದ ಕೆಲವು ಸ್ವರಗುಂಪುಗಳಲ್ಲಿ ಮಾತ್ರ ಅದು ಗೊಂದಲಕ್ಕೆ ಬೀಳುತ್ತದೆ, ಏಕೆಂದರೆ ಸಿ ಸಿಕ್ಸ್ತ್ ಮತ್ತು ಎ ಮೈನರ್ ಸೆವೆಂತ್ ಎರಡಕ್ಕೂ ಅವೇ ಸ್ವರ. ಕಾರ್ಡನ್ನು ಆವರ್ತದ ಮೊದಲ ಮಾತ್ರೆಗೆ ಕೂದಲೆಳೆಯಷ್ಟು ಮುಂಚೆ ಹಿಡಿಯಬೇಕು. ತಡವಾದರೆ ಬೇಸ್ ಹಳೆಯ ಸ್ವರ ಬಡಿದು ಆಮೇಲೆ ತಡವರಿಸಿ ಹೊಸದಕ್ಕೆ ಹಾರುತ್ತದೆ. ಇಷ್ಟನ್ನು ಕಲಿಯಲು ಏನು ರೋಗ? ಇದನ್ನು ಕೂಡ ಹೇಳಿಕೊಡದೆ ಶುಲ್ಕ ಎಣಿಸಿಕೊಳ್ಳುವವರಿಗೆ ನಾಚಿಕೆಯಾದರೂ ಬೇಡವೇ? ಎರಡು ವರ್ಷ ಕಲಿತ ಮಗುವಿನ ಮುಂದೆ ರಿದಮ್ ಆಫ್ ಮಾಡಿ ನೋಡಿ. ನಾಲ್ಕು ಮಾತ್ರೆ ಎಣಿಸಲು ಬರುವುದಿಲ್ಲ. ಎಣಿಸುವುದನ್ನು ಅದಕ್ಕೆ ಯಾರೂ ಕಲಿಸಿಯೇ ಇಲ್ಲ. ಗಾಯಕಿ ಒಂದು ಮಾತ್ರೆ ತಪ್ಪಿದರೆ ತಬಲಾದವನು ಎತ್ತಿಕೊಂಡು ನಡೆಯುತ್ತಿದ್ದ, ಯಂತ್ರ ಎತ್ತಿಕೊಳ್ಳುವುದಿಲ್ಲ. ಆ ತಬಲಾದವನನ್ನು ಖರ್ಚು ಜಾಸ್ತಿ ಎಂದು ಮನೆಗೆ ಕಳಿಸಿದ್ದೇವೆ. ಬೈಗುಳ ಈಗ ಗಾಯಕಿಗೆ.

ಇರಲಿ, ಹಾಡು ಮುಗಿಯಿತು. ಗಾಯಕಿ ಮೈಕ್ ಇಟ್ಟರು, ಕೂತರು, ನೀರು ಕುಡಿದರು. ಎಂಡಿಂಗ್ ಬಟನ್ ಒತ್ತಿದ್ದು ಅವರು ಕೊನೆಯ ಅಕ್ಷರ ಬಿಟ್ಟ ಮೇಲೆ. ಹಾಗಾಗಿ ಇನ್ನೂ ನಾಲ್ಕು ಆವರ್ತ ಬಾಕಿ ಇದೆ. ಟ್ರಂಪೆಟ್‌ನವರು ಈಗಷ್ಟೇ ಎದ್ದು ನಿಂತಿದ್ದಾರೆ.